ಏಳನೆಯ ಬ್ರೇಕು

ಪುಟದ ಅಂಚಿನಲ್ಲಿ ಒಂದರಿಂದ ಹತ್ತರವರೆಗೆ ಸಾಲು ಹಾಕಿತ್ತು. ಮೊದಲ ಆರು ಸಾಲುಗಳ ಮುಂದೆ ನೀಲಿ ಪೆನ್ನಿನ ಅಂಕಿಗಳು: 37, 38, 38, 39, 40, 42. ಏಳರಿಂದ ಮುಂದೆ ಖಾಲಿ.

ಆ ಅಂಕಿಗಳ ಪಕ್ಕದಲ್ಲಿ ಅಚ್ಚಾಗಿದ್ದ ಲೇಖನ ನನ್ನದು. ವಾಹನಗಳ ಮಾಸಪತ್ರಿಕೆಯೊಂದಕ್ಕೆ ನಾನು ಕಾರುಗಳನ್ನು ಪರೀಕ್ಷಿಸಿ ಬರೆಯುತ್ತಿದ್ದೆ. ಇದು ಎರಡು ಸೀಟಿನ ಒಂದು ಆಮದು ಸ್ಪೋರ್ಟ್ಸ್ ಕಾರಿನ ಬಗ್ಗೆ ಬರೆದದ್ದು. ಲೇಖನದ ಒಂದು ವಾಕ್ಯದ ಕೆಳಗೆ ಅದೇ ನೀಲಿ ಪೆನ್ನಿನಿಂದ ಗೆರೆ ಎಳೆದಿತ್ತು: ‘ಎಷ್ಟು ಸಲ ಒತ್ತಿದರೂ ದಣಿಯದ ಬ್ರೇಕು.’

ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟವರು ನ್ಯಾಮತಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಬೆಳಗಿನ ಬಸ್ಸಿಗೆ ಹೊನ್ನಾಳಿಯಿಂದ ಬಂದಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹೊನ್ನಾಳಿಯ ಹೊರಗೆ ಅವರದೊಂದು ವೇಬ್ರಿಡ್ಜ್ ಇದೆ. ಭತ್ತ, ಮೆಕ್ಕೆಜೋಳ ತುಂಬಿದ ಲಾರಿಗಳನ್ನು ತೂಗುವ ಜಾಗ. ಮೊದಲು ಗಂಡ ನೋಡಿಕೊಳ್ಳುತ್ತಿದ್ದರು. ಅದೇ ಮಾದರಿಯ ಕಾರು ಗಂಡನ ಆಸೆಯದು, ಯಾರೋ ಬಳಸಿ ಮಾರಿದ್ದನ್ನು ತಂದದ್ದು. ಒಂದೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಸಾಸ್ವೆಹಳ್ಳಿ ಕಡೆಯ ನಾಲೆಯ ರಸ್ತೆಗೆ ಅದನ್ನು ಒಬ್ಬರೇ ಒಯ್ದಿದ್ದರು. ಕಾರು ಅಡ್ಡ ತಿರುಗಿ, ಚಾಲಕನ ಬಾಗಿಲು ಮೋರಿಯ ಕಲ್ಲುಗೋಡೆಗೆ ಬಡಿದು, ಅಲ್ಲೇ ತೀರಿಕೊಂಡರು. ಪತ್ರಿಕೆ ಪಕ್ಕದ ಸೀಟಿನ ಕೆಳಗೆ ಸಿಕ್ಕಿತ್ತು.

“ಅವ್ರು ಬ್ಯಾರೆಯೋರ ಅಳತೆ ನಂಬ್ತಿರ್ಲಿಲ್ಲ ರೀ,” ಎಂದರು ಆಕೆ. “ಬ್ಯಾರೆ ಕಡೆ ತೂಗಿಸ್ಕಂಡು ಬಂದ ಲಾರೀನೂ ಇನ್ನೊಂದ್ಸಲ ತೂಗೋರು. ನೀವು ಬರ್ದಿದ್ದನ್ನೂ ಫೋನಿನಾಗೆ ಅಳ್ಕಂಡು ಹಂಗೇ ತೂಗಾಕೆ ಹೋಗಿದ್ರು.”

ಅಪಘಾತದ ನಂತರ ಕಾರನ್ನು ತಪಾಸಣೆ ಮಾಡಿದವರು ಬ್ರೇಕು ಸರಿಯಾಗಿದೆ, ಅತಿವೇಗವೇ ಕಾರಣ ಎಂದು ಬರೆದಿದ್ದರಂತೆ.

“ಊರಾಗೆಲ್ಲ ಅದೇ ಮಾತು. ಈ ವಯಸ್ಸಿನಾಗೆ ಹುಡುಗಾಟ ಆಡಾಕೆ ಹೋಗಿ ಸತ್ತ ಅಂತ. ನನ್ನ ಮಗಳು ಅದನ್ನ ಕೇಳ್ಕಂಡೇ ಸ್ಕೂಲಿಗೆ ಹೋಗಿ ಬರ್ತಾಳೆ. ಕಾರು ರಿಪೇರಿ ಆಗೈತೆ. ನೀವು ಮಾಡಿದ ಪರೀಕ್ಷೇನ ಅದೇ ಕಾರಾಗೆ, ನನ್ನ ಕಣ್ಮುಂದೆ ಮಾಡಿ ತೋರಿಸ್ರಿ. ತಪ್ಪು ಅವ್ರದೋ, ಕಾರಿನದೋ, ನಂಗೆ ಗೊತ್ತಾಗ್ಬೇಕು.”

ಆಗಲಿ ಎಂದೆ. ಅವರು ಬಸ್ಸಿಗೆ ಹೊರಟ ಮೇಲೂ ಬಹಳ ಹೊತ್ತು ಕಟ್ಟೆಯ ಮೇಲೇ ಕೂತಿದ್ದೆ. ಅವರಿಗೆ ಹೇಳಬೇಕಾಗಿದ್ದ ಒಂದು ಮಾತು ನನ್ನಲ್ಲಿತ್ತು. ಅದನ್ನು ಹೇಳಿರಲಿಲ್ಲ.

ಆ ಮಾದರಿಯ ಕಾರನ್ನು ನಾನು ಪರೀಕ್ಷಿಸಿದ್ದು ಹೊರರಾಜ್ಯದ ಒಂದು ರೇಸ್ ಟ್ರ್ಯಾಕಿನಲ್ಲಿ. ಬೆಳಿಗ್ಗೆ ನೇರ ದಾರಿಯ ಓಟ: ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು, ಕಾಲು ಮೈಲಿ ಮುಗಿಸಲು ಎಷ್ಟು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಓಡಿಸಿ ಸರಾಸರಿ ತೆಗೆಯುತ್ತೇವೆ, ಗಾಳಿಯ ಸಹಾಯ ಲೆಕ್ಕದಿಂದ ಕಳೆದುಹೋಗಲಿ ಎಂದು. ಮಧ್ಯಾಹ್ನ ಟ್ರ್ಯಾಕಿನ ಸುತ್ತುಗಳು. ತಿರುವಿನಲ್ಲಿ ಕಾರು ಎಷ್ಟು ಹಿಡಿದುಕೊಳ್ಳುತ್ತದೆ, ಎಲ್ಲಿ ಜಾರುತ್ತದೆ ಎಂದು ತಿಳಿಯುವುದು ಅಲ್ಲಿ. ಕೊನೆಗೆ ಬ್ರೇಕು. ನೂರರ ವೇಗದಿಂದ ಪೂರ್ತಿ ನಿಲ್ಲಿಸಿ ಎಷ್ಟು ಮೀಟರ್ ಹಿಡಿಯಿತೆಂದು ಅಳೆಯುವುದು, ಮತ್ತೆ ನೂರಕ್ಕೆ ಏರಿಸುವುದು, ಮತ್ತೆ ನಿಲ್ಲಿಸುವುದು. ನಡುವೆ ಆರಲು ಬಿಡದೆ ಹತ್ತು ಸಲ.

ಏಳನೆಯ ಸಲ ಪೆಡಲು ಕಾಲಿನ ಕೆಳಗೆ ಮೆತ್ತಗಾಗಿತ್ತು, ನೆನೆದ ಹಾಸಿಗೆ ತುಳಿದ ಹಾಗೆ. ಕಾರು ಎಪ್ಪತ್ತು ಮೀಟರ್ ದಾಟಿ ನಿಂತಿತು. ಕಾರಿನ ಜೊತೆ ಬಂದಿದ್ದ ಕಂಪನಿಯವನು ಗಾಬರಿಯಾಗಲಿಲ್ಲ. “ಈ ಕಾರು ಎಷ್ಟೋ ಪತ್ರಕರ್ತರ ಕೈಯಲ್ಲಿ ಬೆಂದು ಬಂದಿದೆ ಮೇಡಂ. ಬ್ರೇಕ್ ಆಯಿಲ್ ಹಳೇದು, ಅಷ್ಟೇ,” ಎಂದ. ಹೊಸ ಆಯಿಲ್ ಹಾಕಿಸಿ ಕೊಟ್ಟ. ಆಮೇಲೆ ಹತ್ತಕ್ಕೆ ಹತ್ತೂ ಸಲ ಕಾರು ಜಗ್ಗಿ ನಿಂತಿತು. ನಾನು ಆ ಹತ್ತನ್ನು ಬರೆದೆ. ಅದಕ್ಕೆ ಮೊದಲಿನ ಏಳನ್ನು ಬರೆಯಲಿಲ್ಲ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮೂರು ದಿನದ ನಂತರ ಚನ್ನಗಿರಿಗೆ ಹೋದೆ. ಕಾರು ಅಲ್ಲಿನ ಒಂದು ಗ್ಯಾರೇಜಿನಲ್ಲಿತ್ತು. ಮೇಸ್ತ್ರಿಗೆ ಐವತ್ತರ ಆಸುಪಾಸು, ಬಿಳಿ ಗಡ್ಡ, ಮಿತಭಾಷಿ. ಮೊದಲಿನಿಂದಲೂ ಆ ಕಾರಿನ ಸರ್ವಿಸ್ ಅವರದೇ, ಅಪಘಾತದ ನಂತರ ಅದನ್ನು ಎದ್ದು ನಿಲ್ಲಿಸಿದವರೂ ಅವರೇ. ಬಲಬಾಗಿಲು, ಅದರ ಹಿಂದಿನ ತಗಡು, ಸೀಟು ಎಲ್ಲ ಹೊಸದು. ಬಣ್ಣ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ ಎಲ್ಲಿ ಬಡಿದಿತ್ತೆಂದು ಕೈಯಾಡಿಸಿದರೂ ಗೊತ್ತಾಗುತ್ತಿರಲಿಲ್ಲ. ಹೊಸ ಸೀಟಿನಲ್ಲಿ ಕೂತೆ. ಅದನ್ನು ಹಳೆಯದರಷ್ಟೇ ಹಿಂದೆ ಸರಿಸಿ ಕೂರಿಸಿದ್ದರು. ಪೆಡಲು ನನ್ನ ಕಾಲಿಗೆ ಎಟುಕಲಿಲ್ಲ. ಆಕೆಯ ಗಂಡ ನನಗಿಂತ ಎತ್ತರದ ಮನುಷ್ಯ. ಸೀಟನ್ನು ಮುಂದಕ್ಕೆ ಎಳೆದುಕೊಳ್ಳುವಾಗ ಯಾರನ್ನೋ ಎಬ್ಬಿಸಿ ಅವರ ಜಾಗದಲ್ಲಿ ಕೂತಂತಾಯಿತು.

“ಬ್ರೇಕಿನ ಕೆಲ್ಸ ಏನೇನು ಮಾಡೀರಿ ಭಾಯ್?” ಎಂದು ಕೇಳಿದೆ.

“ಪೈಪು, ಸಿಲಿಂಡರು ಯಾವುದಕ್ಕೂ ಪೆಟ್ಟಾಗಿರ್ಲಿಲ್ಲ ಮೇಡಂ. ಅವನ್ನ ಮುಟ್ಟಿಲ್ಲ.” ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಅವರು ಮಡಿಸಿದರು, ಬಿಚ್ಚಿದರು. “ಆಯಿಲ್ ಮಾತ್ರ ಹೊಸಾದು ಹಾಕೀನಿ. ನಿನ್ನೆ.”

ನಿನ್ನೆ ಎಂದಾಗ ನನ್ನ ಮುಖ ನೋಡಲಿಲ್ಲ. ನನಗೆ ಅರ್ಥವಾಯಿತು. ಹೊಸ ಆಯಿಲ್ ಹಾಕಿದ ಕಾರು ಹತ್ತೂ ಸಲ ನಿಲ್ಲುತ್ತದೆ, ಆ ಪರೀಕ್ಷೆ ಅಪಘಾತದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ನಾನು “ಸರಿ” ಎಂದಷ್ಟೇ ಹೇಳಿ ಟೈರುಗಳನ್ನು ನೋಡಲು ಬಗ್ಗಿದೆ.

ಜಾಗ ಸಿಕ್ಕಿದ್ದು ಜಗಳೂರಿನ ಕಡೆ. ಗಾಳಿಯಂತ್ರಗಳ ರೆಕ್ಕೆಗಳನ್ನು ಸಾಗಿಸಲು ಖಾಸಗಿ ಜಮೀನಿನಲ್ಲಿ ಹಾಕಿದ್ದ ಕಾಂಕ್ರೀಟ್ ದಾರಿ. ಕೆಲಸ ಮುಗಿದು ಈಗ ಯಾರೂ ಬಳಸುತ್ತಿರಲಿಲ್ಲ. ಸುಮಾರು ಒಂದೂವರೆ ಕಿಲೋಮೀಟರ್ ನೇರ, ಎರಡೂ ಪಕ್ಕ ಬಯಲು, ಕೊನೆಗೆ ಎರೆಮಣ್ಣಿನ ದಿಬ್ಬ. ಜಮೀನಿನವರ ಒಪ್ಪಿಗೆ ಪಡೆದು, ಎರಡೂ ತುದಿಗೆ ಅವರ ಆಳುಗಳನ್ನೇ ನಿಲ್ಲಿಸಿ, ದನಕರು ಅಡ್ಡ ಬಾರದ ಹಾಗೆ ನೋಡಿಕೊಂಡೆವು.

ಮೇಸ್ತ್ರಿ ಕಾರನ್ನು ಲಾರಿಯ ಮೇಲೆ ತಂದರು. ಆಕೆ ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಮೂವರೂ ದಾರಿಯ ಈ ತುದಿಯಿಂದ ಆ ತುದಿಗೆ ನಡೆದು ಕಲ್ಲು, ಮುಳ್ಳು ಆಯ್ದೆವು. ಬ್ರೇಕ್ ಒತ್ತುವ ಗೆರೆ ತೋರಿಸಲು ಕೋನ್‌ಗಳನ್ನು ಇಟ್ಟೆವು. ಉಪಗ್ರಹದ ಸಂಕೇತ ಹಿಡಿದು ವೇಗ, ದೂರ ಅಳೆಯುವ ಪೆಟ್ಟಿಗೆಯನ್ನು ನಾನು ಗಾಜಿಗೆ ಅಂಟಿಸಿದೆ. ಟೈರಿನ ಗಾಳಿ ನೋಡಿದೆ. ಪ್ರತಿ ನಿಲುಗಡೆಗೂ ದೂರ ಎಷ್ಟೆಂದು ಕೂಗಿ ಹೇಳುತ್ತೇನೆ, ನೀವೇ ಬರೆದುಕೊಳ್ಳಿ ಎಂದು ಆಕೆಗೆ ಹೇಳಿದೆ. ಅವರು ವೇಬ್ರಿಡ್ಜಿನ ಖಾಲಿ ಚೀಟಿಪುಸ್ತಕವನ್ನೇ ತಂದಿದ್ದರು.

ಮೊದಲು ವೇಗದ ಓಟಗಳು. ಇಂಜಿನ್ನು ತನ್ನ ಪೂರ್ತಿ ಶಕ್ತಿಯಲ್ಲಿದೆ ಎಂದು ತಿಳಿಯದೆ ಬ್ರೇಕಿನ ಮಾತಿಗೆ ಬೆಲೆಯಿಲ್ಲ. ಗಾಳಿಗೆ ಎದುರಾಗಿ ಎರಡು, ಬೆನ್ನು ಕೊಟ್ಟು ಎರಡು. ಕಾಲು ಮೈಲಿಯ ಸಮಯ ನನ್ನ ಹಳೆಯ ಲೇಖನದ ಅಂಕಿಗಿಂತ ಒಂದು ಸೆಕೆಂಡಿನ ಮೂರು ಹತ್ತಾಂಶದಷ್ಟು ಹಿಂದೆ. ಅಷ್ಟು ಹಳೆಯ ಕಾರಿಗೆ ಅದು ಒಳ್ಳೆಯದೇ. ಬೇರೆ ದಿನವಾಗಿದ್ದರೆ ಆ ಇಂಜಿನ್ನಿನ ಸದ್ದಿಗೆ ನಾನು ಖುಷಿಪಡುತ್ತಿದ್ದೆ. ಅಂದು ಪ್ರತಿ ಸಲ ಕ್ಲಚ್ ಬಿಡುವಾಗಲೂ ಪಕ್ಕದ ಸೀಟಿನ ಕಡೆ ಕಣ್ಣು ಹೋಗುತ್ತಿತ್ತು. ಅಲ್ಲಿ ಏನೂ ಇರಲಿಲ್ಲ.

ಆಮೇಲೆ ಬ್ರೇಕು. ಮೂವತ್ತೇಳು. ಮೂವತ್ತೇಳು. ಮೂವತ್ತೆಂಟು. ನಾನು ಕೂಗುತ್ತ ಹೋದೆ, ಆಕೆ ಬರೆಯುತ್ತ ಹೋದರು. ಆರನೆಯದಾದ ಮೇಲೆ ನನ್ನ ಅಂಗೈ ಸ್ಟೀರಿಂಗಿನ ಮೇಲೆ ಜಾರತೊಡಗಿತು. ಏಳನೆಯದು ಮೂವತ್ತೊಂಬತ್ತು ಮೀಟರ್, ಪೆಡಲು ಕಲ್ಲಿನ ಹಾಗೆ ಗಟ್ಟಿ. ಹತ್ತನೆಯದು ನಲವತ್ತು. ಸುಟ್ಟ ವಾಸನೆ ಬಂತು, ಚಕ್ರಗಳಿಂದ ತೆಳ್ಳಗೆ ಹೊಗೆ ಎದ್ದಿತು, ಅಷ್ಟೇ. ಕಾರು ನಿಂತಿತು.

ನಾನು ಇಳಿದು ಬಂದಾಗ ಆಕೆ ಚೀಟಿಯನ್ನೇ ನೋಡುತ್ತಿದ್ದರು. ಮೇಲಿನಿಂದ ಕೆಳಗೆ ಎರಡು ಸಲ ಓದಿದರು.

“ಹತ್ತೂ ನಿಂತಾವೆ,” ಎಂದರು.

“ಹೌದು.”

“ಹಂಗಾದ್ರೆ ಊರೋರು ಹೇಳಿದ್ದೇ ನಿಜ. ಅವ್ರದೇ ತಪ್ಪು.” ಚೀಟಿ ಹರಿದು ಮಡಚಿದರು. “ಆತ್ ಬಿಡ್ರಿ. ಒಂದು ಗೊತ್ತಾತಲ್ಲ.”

ಅವರು ಅಳಲಿಲ್ಲ. ಬುತ್ತಿ ಬಿಚ್ಚಿ ನಮ್ಮಿಬ್ಬರಿಗೂ ರೊಟ್ಟಿ ಹಾಕಿದರು. ಮೇಸ್ತ್ರಿ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು, ಮುರಿಯಲಿಲ್ಲ.

ನಾನು ಅಲ್ಲಿಂದ ಹಾಗೇ ಎದ್ದು ಹೋಗಬಹುದಿತ್ತು. ಪರೀಕ್ಷೆ ನಿಯಮದಂತೆ ನಡೆದಿತ್ತು, ಅಂಕಿಗಳು ಪೆಟ್ಟಿಗೆಯಲ್ಲಿದ್ದವು, ನನ್ನ ವಾಕ್ಯ ಮತ್ತೊಮ್ಮೆ ನಿಜವಾಗಿತ್ತು. ಮೇಸ್ತ್ರಿಯೂ ಬಾಯಿ ಬಿಡುತ್ತಿರಲಿಲ್ಲ. ಸತ್ತವರೊಬ್ಬರೇ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತಿದ್ದರು. ಆಕೆ ಬಡಿಸಿದ ರೊಟ್ಟಿಯ ತುತ್ತು ನನ್ನ ಬಾಯಲ್ಲಿತ್ತು. ಆಗಲೇ ಹೇಳಿಬಿಡಬೇಕೆಂದು ತೀರ್ಮಾನಿಸಿದ್ದು.

“ಅಕ್ಕ, ನಾನು ಲೇಖನದಾಗೆ ಒಂದು ಬರೀಲಿಲ್ಲ,” ಎಂದೆ.

ರೇಸ್ ಟ್ರ್ಯಾಕಿನ ಆ ಮಧ್ಯಾಹ್ನವನ್ನು ಹೇಳಿದೆ. ಏಳನೆಯ ಸಲ ಪೆಡಲು ಕುಸಿದದ್ದು, ಆಯಿಲ್ ಬದಲಿಸಿದ್ದು, ಮೊದಲಿನ ಏಳನ್ನು ನಾನು ಬಿಟ್ಟದ್ದು. ಬ್ರೇಕ್ ಆಯಿಲ್ ವರ್ಷ ಕಳೆದಂತೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಮೇಲಿಂದ ಮೇಲೆ ಬ್ರೇಕ್ ಒತ್ತಿದಾಗ ಆ ನೀರು ಒಳಗೇ ಕುದಿದು ಆವಿಯಾಗುತ್ತದೆ. ಆಗ ಪೆಡಲು ಒತ್ತಿದರೆ ಬರೀ ಆವಿಯನ್ನು ಒತ್ತಿದಂತೆ, ಚಕ್ರಕ್ಕೆ ಹಿಡಿತ ತಲುಪುವುದಿಲ್ಲ. ಕಾರು ತಣ್ಣಗಾದರೆ ಆವಿ ಮತ್ತೆ ನೀರಾಗಿ ಪೆಡಲು ಮೊದಲಿನಂತೆ ಗಟ್ಟಿ. ತಪಾಸಣೆಗೆ ಬಂದವರಿಗೆ ಸಿಕ್ಕಿದ್ದು ತಣ್ಣಗಾದ ಕಾರು.

ಆಕೆ ಕೇಳಿಸಿಕೊಂಡರು. ಆಮೇಲೆ ತಲೆ ತಿರುಗಿಸಿ ಮೇಸ್ತ್ರಿಯನ್ನು ನೋಡಿದರು.

“ನಮ್ಮ ಕಾರಿಂದು, ಭಾಯ್?”

ಮೇಸ್ತ್ರಿ ರೊಟ್ಟಿಯನ್ನು ತಟ್ಟೆಗೆ ಇಟ್ಟರು. “ಅಣ್ಣಾರು ಕಾರು ತಂದಾಗಿಂದ ಒಂದ್ಸಲಾನೂ ಬದ್ಲಿಸಿರ್ಲಿಲ್ಲ ಅಕ್ಕಾರೆ. ಮೊದ್ಲಿನೋರು ಯಾವಾಗ ಹಾಕಿದ್ರೋ ಏನೋ. ಇಂಜಿನ್ ಆಯಿಲ್ ಬದ್ಲಿಸ್ತಿದ್ದೆ. ಬ್ರೇಕ್ ಆಯಿಲ್ ಕಮ್ಮಿ ಆಗಿಲ್ಲ ಅಂದ್ರೆ ಮುಚ್ಚಳ ಹಾಕ್ತಿದ್ದೆ. ಅವತ್ತು ಸುದ್ದಿ ಬಂದಾಗ್ಲೇ ಮನಸ್ಸಿಗೆ ಹೊಳೀತು.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಧೈರ್ಯ ಬರ್ಲಿಲ್ಲ.”

ಅವರು ಎದ್ದು ಲಾರಿಯ ಕಡೆ ಹೋಗಿ, ಸಾಮಾನಿನ ಪೆಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಬಾಟಲಿ ತಂದು ನಮ್ಮ ಮುಂದೆ ಇಟ್ಟರು. ಕಷಾಯದ ಬಣ್ಣದ ದ್ರವ. ಮೊನ್ನೆ ಕಾರಿನಿಂದ ತೆಗೆದದ್ದು. ಚೆಲ್ಲಲು ಕೈ ಬಂದಿರಲಿಲ್ಲವಂತೆ.

“ಇದನ್ನೇ ಹಾಕಿ ನೋಡ್ರಿ ಮೇಡಂ. ನಾನು ಓಡಿಸ್ತೀನಿ.”

“ಓಡಿಸೋದಾದ್ರೆ ನಾನೇ,” ಎಂದೆ. “ಅಕ್ಕ ಬ್ಯಾಡ ಅಂದ್ರೆ ಇಲ್ಲಿಗೇ ನಿಲ್ಸೋಣ.”

ಆಕೆ ಬಾಟಲಿಯನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. “ಹಾಕ್ರಿ,” ಎಂದರು.

ಚಕ್ರಗಳು ಪೂರ್ತಿ ಆರುವ ತನಕ ಕಾದೆವು. ಹಳೆಯ ಆಯಿಲ್ ತುಂಬುವ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ನಾನು ಒಳಗೆ ಕೂತು ಪೆಡಲು ಒತ್ತುವುದು, ಮೇಸ್ತ್ರಿ ಒಂದೊಂದು ಚಕ್ರದ ಹತ್ತಿರ ಮಲಗಿ ನಿಪ್ಪಲ್ ಸಡಿಲಿಸಿ ಗಾಳಿ ತೆಗೆಯುವುದು. “ಒತ್ರಿ... ಹಿಡ್ಕಳ್ರಿ... ಬಿಡ್ರಿ.” ಮೇಲೆ ಬಾಯಿ ತೆರೆದ ಟ್ಯಾಂಕಿಗೆ ಆಕೆ ಬಾಟಲಿಯಿಂದ ಹನಿಯೂ ಚೆಲ್ಲದಂತೆ ಸುರಿಯುತ್ತಿದ್ದರು. ಗುಳ್ಳೆ ಬರುವುದು ಪೂರ್ತಿ ನಿಂತ ಮೇಲೆ ಪೆಡಲು ಗಟ್ಟಿಯಾಯಿತು. ಹೊಸ ಆಯಿಲಿನದಕ್ಕೂ ಇದಕ್ಕೂ ಕಾಲಿಗೆ ಏನೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಈ ಸಲ ಬ್ರೇಕ್ ಒತ್ತುವ ಗೆರೆಯನ್ನು ದಾರಿಯ ಆರಂಭದ ಹತ್ತಿರಕ್ಕೆ, ನೂರರ ವೇಗ ಮುಟ್ಟುವ ಜಾಗಕ್ಕೇ ತಂದೆ. ಏನಾದರೂ ಆದರೆ ಮುಂದೆ ಒಂದು ಕಿಲೋಮೀಟರಿಗಿಂತ ಹೆಚ್ಚು ಖಾಲಿ ಇರಲಿ, ಗೇರು, ಕೈಬ್ರೇಕು ಬಳಸಲು ಜಾಗವಿರಲಿ ಎಂದು. ಪ್ರತಿ ನಿಲುಗಡೆಯ ನಂತರವೂ ತಡಮಾಡದೆ ಹಿಂದಿರುಗಿ ಬಂದು ಮತ್ತೆ ಅದೇ ಗೆರೆ.

ಮೂವತ್ತೇಳು. ಮೂವತ್ತೆಂಟು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು.

ಆರನೆಯದು ನಲವತ್ತೆರಡು. ನಾನು ಕೂಗಿದೆ. ಆಕೆ ಬರೆಯಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಕಿಟಕಿಯ ಗಾಜು ಏರಿಸಿದೆ.

ಏಳನೆಯ ಸಲ ಗೆರೆ ಮುಟ್ಟುತ್ತಲೇ ಬ್ರೇಕ್ ಒತ್ತಿದೆ. ಪೆಡಲು ನೆಲಕ್ಕೆ ಹೋಯಿತು. ಟ್ರ್ಯಾಕಿನಲ್ಲಿ ಮೆತ್ತಗಾಗಿತ್ತಷ್ಟೇ, ಇಲ್ಲಿ ಅದರ ಕೆಳಗೆ ಏನೂ ಇರಲಿಲ್ಲ. ಕಾರು ನೂರರಲ್ಲೇ ತೇಲಿ ಹೋಗುತ್ತಿತ್ತು. ಕೋನ್‌ಗಳು ಹಿಂದೆ ಸರಿದವು. ಎತ್ತಿ ಒತ್ತಿದೆ, ನೆಲ. ಮತ್ತೆ ಎತ್ತಿ ಒತ್ತಿದೆ, ನೆಲ. ಮೂರನೆಯ ಸಲಕ್ಕೆ ತುದಿಯಲ್ಲಿ ಒಂದಿಷ್ಟು ಹಿಡಿತ ಸಿಕ್ಕಿತು. ಮೂರನೇ ಗೇರು, ಎರಡನೇ ಗೇರು, ಕೈಬ್ರೇಕನ್ನು ಇಷ್ಟಿಷ್ಟೇ. ಹಿಂಬದಿ ಒಮ್ಮೆ ಎಡಕ್ಕೆ ಜಾರಿ ಮತ್ತೆ ನೇರವಾಯಿತು. ಕಾರು ನಿಂತಾಗ ಗೆರೆಯಿಂದ ಇನ್ನೂರಹತ್ತು ಮೀಟರ್ ಎಂದು ಪೆಟ್ಟಿಗೆ ತೋರಿಸುತ್ತಿತ್ತು.

ಇಂಜಿನ್ ಆರಿಸಿದೆ. ನನ್ನ ಬಲಗಾಲು ಆಗಲೂ ಪೆಡಲನ್ನು ಒತ್ತುತ್ತಲೇ ಇತ್ತು.

ಇಬ್ಬರೂ ಓಡಿ ಬಂದರು. ಮೇಸ್ತ್ರಿ ಬಾಗಿಲು ತೆಗೆದು, ನನಗೇನೂ ಆಗಿಲ್ಲವೆಂದು ಕಂಡ ಮೇಲೆ, ಕಾರಿನ ಹಿಂದಕ್ಕೆ ಹೋಗಿ ನಮಗೆ ಬೆನ್ನು ಹಾಕಿ ಕೂತರು. ಅವರ ಹೆಗಲು ಅಲುಗುತ್ತಿತ್ತು. ಆಕೆ ಬಹಳ ಹೊತ್ತು ಅವರನ್ನೇ ನೋಡುತ್ತಿದ್ದು, ಆಮೇಲೆ ನೀರಿನ ಬಾಟಲಿಯನ್ನು ಅವರ ಪಕ್ಕದಲ್ಲಿ ಇಟ್ಟು ಬಂದರು. ಅದು ಕ್ಷಮೆಯೋ ಅಲ್ಲವೋ ನನಗೆ ಗೊತ್ತಾಗಲಿಲ್ಲ.

ಅಂದಿನ ಹದಿನೇಳು ನಿಲುಗಡೆಗಳನ್ನೂ, ಹಳೆಯ ಪರೀಕ್ಷೆಯಲ್ಲಿ ನಾನು ಬಿಟ್ಟಿದ್ದ ಏಳನ್ನೂ ಸೇರಿಸಿ ಬರೆದು ಪತ್ರಿಕೆಗೆ ಕಳಿಸಿದೆ. ಸಂಪಾದಕರು ಫೋನ್ ಮಾಡಿ, ಹಳೆಯ ಲೇಖನ ಈಗ ಯಾರಿಗೆ ನೆನಪಿದೆ, ಕಾರಿನದೂ ತಪ್ಪಿಲ್ಲವಲ್ಲ, ಇದನ್ನು ಕೆದಕುವುದೇಕೆ ಎಂದರು. ಆ ವಾಕ್ಯ ನನ್ನ ಹೆಸರಿನಲ್ಲಿ ಬಂದಿದೆ, ಇದೂ ನನ್ನ ಹೆಸರಿನಲ್ಲೇ ಬರಬೇಕು ಎಂದೆ. ಎರಡು ತಿಂಗಳು ತಡವಾಗಿ, ಕೊನೆಯ ಪುಟಗಳಲ್ಲಿ, ಅರ್ಧಕ್ಕೆ ಇಳಿಸಿ ಹಾಕಿದರು. ಅಂಕಿಗಳನ್ನು ಮಾತ್ರ ಬಿಡಲಿಲ್ಲ. ಆಮೇಲೆ ಆ ಪತ್ರಿಕೆಯಿಂದ ನನಗೆ ಪರೀಕ್ಷೆಗೆಂದು ಕಾರು ಬರಲಿಲ್ಲ.

ಸಂಚಿಕೆ ಹಿಡಿದುಕೊಂಡು ಹೊನ್ನಾಳಿಗೆ ಹೋದೆ. ಮೆಕ್ಕೆಜೋಳದ ಸುಗ್ಗಿ, ವೇಬ್ರಿಡ್ಜಿನ ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಆಕೆ ಕಿಟಕಿಯ ಒಳಗೆ ಕೂತು ತೂಕ ನೋಡಿ ಚೀಟಿ ಕೊಡುತ್ತಿದ್ದರು. ಪುಟ ತೆಗೆದು ನಿಧಾನವಾಗಿ ಓದಿದರು. ಇದನ್ನು ಮಗಳಿಗೆ ಓದಲು ಕೊಡುತ್ತೇನೆ ಎಂದರು. ನಾನು ಏಳುವ ಹೊತ್ತಿಗೆ ಕೇಳಿದರು:

“ಒಂದು ಕೇಳ್ಲಾ? ಅವತ್ತು ಪೆಡಲು ಕೆಳಗೆ ಹೋತಲ್ಲ, ಆಗ ನಿಮಗೆ ಏನು ನೆನಪಾತು?”

“ಏನೂ ಇಲ್ಲ ಅಕ್ಕ. ಒತ್ತಿದೆ. ಮತ್ತೆ ಒತ್ತಿದೆ.”

“ಮನೆ? ನಿಮ್ಮೋರು ಯಾರಾದ್ರೂ?”

ಹೌದು ಎಂದರೆ ಅವರಿಗೆ ಸಮಾಧಾನವಾಗಬಹುದೇನೋ ಎಂದುಕೊಂಡೆ. ಆದರೆ ಅವರ ಮುಂದೆ ಮತ್ತೊಂದು ಸಾಲನ್ನು ಬಿಟ್ಟು ಹೇಳುವುದು ನನ್ನಿಂದ ಆಗಲಿಲ್ಲ.

“ಯಾರೂ ನೆನಪಾಗ್ಲಿಲ್ಲ. ಪೆಡಲು ಒಂದೇ.”

ಅವರು ಕಣ್ಣು ಮುಚ್ಚಿದರು. ಒಂದು ದೊಡ್ಡ ಉಸಿರು ಬಂತು.

“ಹಂಗಾದ್ರೆ ಛಲೋ ಆತು,” ಎಂದರು. “ಮಗಳ ಹೆಸರು ಕೂಗಿದ್ರೇನೋ, ಯಾರಿಗೂ ಕೇಳಿಸ್ಲಿಲ್ವೇನೋ ಅಂತ ನಾನು ಇಷ್ಟು ದಿನ ನಿದ್ದೆ ಮಾಡಿಲ್ಲ.”

ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು. ಅವರು ಕಣ್ಣೊರೆಸಿಕೊಂಡು, ಕಿಟಕಿಯಿಂದ ಕೈ ಹೊರಗೆ ಹಾಕಿ, ಇನ್ನೂ ಒಂದಿಷ್ಟು ಮುಂದೆ ಬಾ ಎಂದು ಸನ್ನೆ ಮಾಡಿದರು.